ಒಂದು ಸಲ ತೆರೆದುಕೊಂಡ ಬೀಗ ಮತ್ತೆ ತೆರೆಯುತ್ತಿಲ್ಲ. ಮನೆಯಲ್ಲೇ ಮಾಡಿದ ಸಲಕರಣೆ, ಎಲ್ಲಿ ತಪ್ಪುತ್ತಿದ್ದೇನೆ?

ಹಿತ್ತಾಳೆಬೀಗ ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೀತೀನಿ. ಪೂರ್ತಿ ಹೇಳದಿದ್ದರೆ ತಪ್ಪು ಎಲ್ಲಿದೆ ಅಂತ ನಿಮಗೂ ಗೊತ್ತಾಗಲ್ಲ.

ನನ್ನ ಊರು ಅರಸೀಕೆರೆ ಹತ್ತಿರ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ಪೀಜಿಯಲ್ಲಿ ವಾಸ. ಕೀ ಇಲ್ಲದೆ, ಒಡೆಯದೆ ಬೀಗ ತೆರೆಯೋದನ್ನ ನಾಲ್ಕು ತಿಂಗಳಿಂದ ಹವ್ಯಾಸವಾಗಿ ಕಲೀತಾ ಇದ್ದೀನಿ. ಜಾತ್ರೆಗೆ ಊರಿಗೆ ಹೋದಾಗ ಗುಜರಿ ಅಂಗಡಿ ಮುಂದೆ ಕೀ ಕಳೆದುಹೋದ ಹಳೇ ಬೀಗಗಳ ರಾಶಿ ಬಿದ್ದಿತ್ತು. ಕರಗಿಸೋಕೆ ಹೋಗ್ತವೆ ಅಂದರು. ಕೈಯಲ್ಲಿ ಹಿಡಿದರೆ ಒಂದೊಂದೂ ತಣ್ಣಗೆ, ಭಾರವಾಗಿ ಇತ್ತು. ಒಂಬತ್ತನ್ನ ಆರಿಸಿ ತೂಕಕ್ಕೆ ಕೊಂಡುಕೊಂಡೆ. ಅವು ಕುಲುಮೆಗೆ ಹೋಗೋ ಮುಂಚೆ ಒಂದು ಸಲ ಆದರೂ ತೆರೀಬೇಕು ಅಂತ ಅನ್ನಿಸ್ತು, ಅಷ್ಟೇ.

ಸಲಕರಣೆ ಕೊಳ್ಳಬಾರದು, ನಾನೇ ಮಾಡಬೇಕು ಅಂತ ಹಟ. ಮೊದಲು ತಲೆಗೂದಲ ಪಿನ್ನು, ಸೇಫ್ಟಿ ಪಿನ್ನು. ಎರಡೂ ಒಳಗೆ ಹೋದ ಕೂಡಲೇ ಬಾಗಿದವು. ಆಮೇಲೆ ಮುರಿದ ಛತ್ರಿಯ ಕಡ್ಡಿ. ಗಟ್ಟಿ ಇದೆ, ಆದರೆ ಅದು ದೋಣಿ ಥರ ಮಡಚಿರುತ್ತೆ, ಕೀ ಹೋಗೋ ಸಂದಿಗೆ ತೂರಲ್ಲ. ಆಮೇಲೆ ಹ್ಯಾಕ್‌ಸಾ ಬ್ಲೇಡ್. ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಭಾನುವಾರ ಗ್ರೈಂಡರ್ ಬಳಸೋಕೆ ಬಿಟ್ಟರು. ಕೊಕ್ಕೆ ಆಕಾರ ಚೆನ್ನಾಗೇ ಬಂತು, ಆದರೆ ತುದಿ ನೀಲಿ ಆಯ್ತು. ಮನೆಗೆ ತಂದು ಬೀಗಕ್ಕೆ ಹಾಕಿ ಒಂದು ಚೂರು ಎತ್ತಿದೆ, ಚಟ್ ಅಂತ ಮುರೀತು. ಜಾಸ್ತಿ ಕಾಯಿಸಿ ನಾನೇ ಉಕ್ಕು ಹಾಳುಮಾಡಿದೆ ಅಂದುಕೊಂಡಿದ್ದೀನಿ.

ಎರಡನೇ ಬ್ಲೇಡನ್ನ ನೀರಲ್ಲಿ ಅದ್ದಿ ಅದ್ದಿ ಉಜ್ಜಿದೆ. ಅದು ಇನ್ನೂ ಇದೆ. ಆ ಕೊಕ್ಕೆ, ಜೊತೆಗೆ ಬೀಗ ತಿರುಗಿಸೋಕೆ ಬಡಿದು ಎಲ್ ಆಕಾರಕ್ಕೆ ಬಗ್ಗಿಸಿದ ಛತ್ರಿ ಕಡ್ಡಿಯ ತುಂಡು, ಇಷ್ಟರಿಂದ ಒಂದು ಚಿಕ್ಕ ಹಿತ್ತಾಳೆ ಬೀಗ ತೆರೆದುಕೊಂಡಿತು! ಕೊಕ್ಕೆಯನ್ನ ಹಿಂದೆ ಮುಂದೆ ಎಳೀತಾ ಇದ್ದೆ, ಇದ್ದಕ್ಕಿದ್ದಂತೆ ತಿರುಗಿ ಕೊಂಡಿ ಹಾರಿತು. ರಾತ್ರಿ ಹನ್ನೊಂದೂವರೆ. ಪಕ್ಕದ ಮಂಚದಲ್ಲಿ ಮಲಗಿದ್ದ ಗೆಳತಿಯನ್ನ ಎಬ್ಬಿಸಿ ತೋರಿಸಿದೆ.

ಅಲ್ಲಿಂದ ಮೂರು ವಾರ ಆಯ್ತು. ಅದೇ ಬೀಗ, ಅದೇ ಕೊಕ್ಕೆ, ದಿನಕ್ಕೆ ಒಂದು ಗಂಟೆ. ತೆರೆಯುತ್ತಿಲ್ಲ. ಬಲ ಹಾಕಿ ತಿರುಗಿಸಿದರೆ ಒಳಗೆ ಎಲ್ಲ ಕಲ್ಲಿನ ಹಾಗೆ ನಿಲ್ಲುತ್ತೆ. ಸಡಿಲ ಬಿಟ್ಟರೆ ಏನೂ ನಿಲ್ಲಲ್ಲ. ತಪ್ಪು ಉಕ್ಕಿನದೋ, ಆಕಾರದ್ದೋ, ಕೈಯದೋ?

ಟೂಲ್‌ರೂಮ್ ತಾತ ಬರೆದದ್ದು:

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಾನು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ 31 ವರ್ಷ ಫಿಟ್ಟರ್ ಆಗಿದ್ದವನು, ಈಗ ತುಮಕೂರಿನಲ್ಲಿ ಇದ್ದೀನಿ. ಬೀಗದ ಹುಚ್ಚು ಹಿಡಿದು ಹನ್ನೊಂದು ವರ್ಷ ಆಯ್ತು.

ಮೊದಲು ಬ್ಲೇಡಿನ ವಿಷಯ. ನೀಲಿ ಆಯ್ತು, ಅದಕ್ಕೇ ಮುರೀತು ಅಂತ ಬರೆದಿದ್ದೀರಿ. ಉಲ್ಟಾ. ಇಂಗಾಲದ ಉಕ್ಕು ಕಾಯ್ತಾ ಹೋದ ಹಾಗೆ 220 ಡಿಗ್ರಿ ಆಸುಪಾಸಿನಲ್ಲಿ ಒಣಹುಲ್ಲಿನ ಬಣ್ಣ ಬರುತ್ತೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿಗೆ ಬಂದ ಉಕ್ಕು ಗಡಸುತನ ಒಂದಿಷ್ಟು ಬಿಟ್ಟುಕೊಟ್ಟು ಸ್ಪ್ರಿಂಗಿನ ಗುಣ ಪಡೆಯುತ್ತೆ. ಅದನ್ನೂ ದಾಟಿ ಬೂದಿ ಬಣ್ಣಕ್ಕೆ ಹೋದರೆ ಮೆತ್ತಗಾಗಿ ನಿಮ್ಮ ತಲೆಪಿನ್ನಿನ ಹಾಗೆ ಬಾಗುತ್ತೆ. ಚಟ್ ಅಂತ ಮುರಿದಿದೆ ಅಂದರೆ ಮುರಿದ ಜಾಗ ಇನ್ನೂ ಪೂರ್ತಿ ಗಡಸಾಗಿತ್ತು. ತುಂಡು ಇಟ್ಟುಕೊಂಡಿದ್ದರೆ ನೋಡಿ, ನೀಲಿ ಆದ ತುದಿಯಲ್ಲಿ ಮುರಿದಿರಲ್ಲ, ಅದರ ಹಿಂದೆ ಬೆಳ್ಳಗಿರೋ ಕಡೆ ಮುರಿದಿರುತ್ತೆ.

ಅಗ್ಗದ ಬ್ಲೇಡು ಹಲ್ಲಿನಿಂದ ಬೆನ್ನಿನವರೆಗೆ ಒಂದೇ ಗಡಸು. ಅದು ಬಾಗೋದು ಗೊತ್ತಿಲ್ಲದ ಲೋಹ. ಅಂಗಡಿಯಲ್ಲಿ ಬೈಮೆಟಲ್ ಬ್ಲೇಡ್ ಕೇಳಿ. ಅದರಲ್ಲಿ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಸ್ಟೀಲು, ಬೆನ್ನು ಸ್ಪ್ರಿಂಗ್ ಸ್ಟೀಲು. ಹಲ್ಲು ಮೊದಲು ಉಜ್ಜಿ ತೆಗೆದುಬಿಡಿ, ಬೆನ್ನಿನಲ್ಲಿ ಕೊಕ್ಕೆ ಮಾಡಿ. ದಪ್ಪ 0.63 ಮಿ.ಮೀ. ಆಸುಪಾಸು ಇರುತ್ತೆ, ದೊಡ್ಡ ಬೀಗಕ್ಕೆ ಸರಿ. ಚಿಕ್ಕ ಬೀಗದ ಸಂದಿಗೆ ಇನ್ನೂ ತೆಳ್ಳಗೆ ಬೇಕು. ಅದಕ್ಕೆ ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಸಂದಿ ಅಳೆಯೋಕೆ ಇಟ್ಟುಕೊಳ್ಳೋ ಫೀಲರ್ ಗೇಜ್ ಒಳ್ಳೇದು. ಎಲೆಗಳ ಕಟ್ಟು ಅದು, ಪ್ರತಿ ಎಲೆ ಮೇಲೂ ದಪ್ಪ ಬರೆದಿರುತ್ತೆ. 0.40ರ ಎಲೆ ಬಿಚ್ಚಿಕೊಳ್ಳಿ. ನನ್ನ ಕೈಯಲ್ಲಿ ಈಗಿರೋ ಕೊಕ್ಕೆ ಆ ಎಲೆಯಿಂದ ಮಾಡಿದ್ದು, ಆರು ವರ್ಷ ಆಯ್ತು.

ಕಾಗದದ ಮೇಲೆ ಆಕಾರ ಬರೆದು, ಕತ್ತರಿಸಿ, ಬ್ಲೇಡಿಗೆ ಅಂಟಿಸಿ. ಕಾಂಡ 2 ಮಿ.ಮೀ. ಎತ್ತರಕ್ಕಿಂತ ಜಾಸ್ತಿ ಬೇಡ. ತುದಿ ಉರುಟಾಗಿರಲಿ, ಮೂಲೆ ಇದ್ದರೆ ಹಿತ್ತಾಳೆ ಪಿನ್ನನ್ನ ಗೀರುತ್ತೆ. ಕೊನೆಗೆ 400, 800, 1200ರ ಎಮರಿ ಕಾಗದ, ನೀರು ಹಾಕಿ, ಉದ್ದುದ್ದಕ್ಕೆ ಉಜ್ಜಿ. ಅಡ್ಡಡ್ಡ ಉಜ್ಜಬೇಡಿ. ಅಡ್ಡ ಗೀರು ಬಿದ್ದ ಜಾಗದಿಂದಲೇ ತೆಳು ಉಕ್ಕು ಬಿರುಕು ಬಿಡೋದು. ಹಿಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಆದರೆ ದಪ್ಪ ಸುತ್ತಬೇಡಿ. ಬೆರಳಿಗೂ ಉಕ್ಕಿಗೂ ಮಧ್ಯೆ ರಬ್ಬರು ಜಾಸ್ತಿ ಆದಷ್ಟೂ ಪಿನ್ನಿನ ಸುದ್ದಿ ಬೆರಳಿಗೆ ಕಡಿಮೆ ಬರುತ್ತೆ.

ಇಷ್ಟೂ ಹೇಳಿದೆ, ಆದರೆ ನಿಮ್ಮ ತೊಂದರೆ ಕೊಕ್ಕೆಯಲ್ಲಿ ಇಲ್ಲ. ಛತ್ರಿ ಕಡ್ಡಿಯಲ್ಲಿದೆ, ಅದನ್ನ ಹಿಡಿದ ಕೈಯಲ್ಲಿದೆ.

ಒಂದು ವಿಷಯ ಬಿಡಿಸಿ ಹೇಳಬೇಕು. ಪಿನ್ ಬೀಗದೊಳಗೆ ಏನಿರುತ್ತೆ ಅಂತ ನಿಮಗೆ ಗೊತ್ತಿರಬಹುದು. ಕೀ ಹೋಗೋ ಉರುಳೆ ಪ್ಲಗ್, ಅದರ ಸುತ್ತ ಮೈ. ಎರಡನ್ನೂ ಹಾಯ್ದು ಸಾಲಾಗಿ ನಾಲ್ಕೋ ಐದೋ ತೂತು. ಪ್ರತಿ ತೂತಲ್ಲಿ ಎರಡು ಪಿನ್ನು ಒಂದರ ಮೇಲೊಂದು, ಅದರ ಮೇಲೆ ಸ್ಪ್ರಿಂಗು. ಸರಿಯಾದ ಕೀ ಹಾಕಿದರೆ ಎಲ್ಲ ಜೋಡಿಗಳ ನಡುವಿನ ಸಂಧಿ ಪ್ಲಗ್ಗಿನ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತೆ. ಅದೇ ಶಿಯರ್ ಲೈನು. ಆಗ ತಿರುಗುತ್ತೆ. ಅಮೆರಿಕದ ಲೈನಸ್ ಯೇಲ್, ಮಗ, 1861ರಲ್ಲಿ ಪೇಟೆಂಟ್ ತಗೊಂಡ ಚಪ್ಪಟೆ ಕೀಯ ಬೀಗದಿಂದ ಇವತ್ತಿನವರೆಗೆ ಇದೇ ಲೆಕ್ಕ. ಮರದ ಪಿನ್ನಿಟ್ಟು ಇದೇ ಉಪಾಯ ಪ್ರಾಚೀನ ಈಜಿಪ್ಟಿನವರೂ ಮಾಡಿದ್ದರು.

ಹಾಗಾದರೆ ಐದು ಪಿನ್ನನ್ನ ಒಂದೊಂದಾಗಿ ಎತ್ತಿ ನಿಲ್ಲಿಸೋಕೆ ಹೇಗೆ ಆಗುತ್ತೆ? ಒಂದನ್ನ ಬಿಟ್ಟು ಇನ್ನೊಂದಕ್ಕೆ ಹೋದರೆ ಮೊದಲನೇದು ಸ್ಪ್ರಿಂಗಿನ ಒತ್ತಡಕ್ಕೆ ಇಳಿದುಬಿಡಬೇಕಲ್ಲ? ಈ ಪ್ರಶ್ನೆ ನನ್ನನ್ನ ಎರಡು ದಿನ ಕಾಡಿತ್ತು. ಉತ್ತರ ಸಿಕ್ಕಿದ್ದು ಬೀಗದಲ್ಲಿ ಅಲ್ಲ, ನನ್ನ ಹಳೇ ಕೆಲಸದಲ್ಲಿ.

ಸಾಲಾಗಿ ಐದು ತೂತು ಕೊರೀರಿ. ಎಂಥ ಯಂತ್ರ ಆದರೂ ಐದೂ ಒಂದೇ ಗೆರೆ ಮೇಲೆ ಬರಲ್ಲ. ಡ್ರಿಲ್ಲು ಒಂದು ಕೂದಲೆಳೆಯಷ್ಟು ಆಚೆ ಈಚೆ ಜಾರುತ್ತೆ. ಪಿನ್ನುಗಳ ದಪ್ಪವೂ ಎಲ್ಲ ಒಂದೇ ಇರಲ್ಲ. ಆ ವ್ಯತ್ಯಾಸವನ್ನ ಕಡಿಮೆ ಮಾಡೋಕೇ ನಾನು 31 ವರ್ಷ ಸಂಬಳ ತಗೊಂಡೆ, ಸೊನ್ನೆ ಮಾಡೋಕೆ ಒಂದು ದಿನವೂ ಆಗಲಿಲ್ಲ. ಪ್ಲಗ್ಗನ್ನ ಸ್ವಲ್ಪ ತಿರುಗಿಸಿ ಹಿಡಿದಾಗ ಐದು ಪಿನ್ನುಗಳೂ ಒಟ್ಟಿಗೆ ಅಡ್ಡ ಬರಲ್ಲ. ಯಾವ ತೂತು ಎಲ್ಲಕ್ಕಿಂತ ಜಾಸ್ತಿ ಜಾರಿದೆಯೋ ಅದರ ಪಿನ್ನು ಮೊದಲು ಸಿಕ್ಕಿಬೀಳುತ್ತೆ. ಉಳಿದ ನಾಲ್ಕು ಸಡಿಲವಾಗಿ ಕುಣೀತಿರುತ್ತವೆ. ಸಿಕ್ಕಿಬಿದ್ದದ್ದನ್ನ ಎತ್ತಿದರೆ ಶಿಯರ್ ಲೈನಿಗೆ ಬಂದಾಗ ಪ್ಲಗ್ಗು ಒಂದು ಎಳೆ ತಿರುಗುತ್ತೆ, ಮೇಲಿನ ಪಿನ್ನು ಆ ಎಳೆಯಷ್ಟು ಅಂಚಿನ ಮೇಲೆ ಕೂತುಕೊಳ್ಳುತ್ತೆ, ಇಳಿಯಲ್ಲ. ಆಗ ಎರಡನೇ ತೂತಿನ ಸರದಿ. ಇನ್ಯಾರೋ ಕಾರ್ಖಾನೆಯಲ್ಲಿ ತೂತು ಕೊರೆದವನ ಕೈ ಎಲ್ಲಿ ಜಾರಿತ್ತು ಅನ್ನೋದನ್ನ ನೀವು ಬೆರಳಲ್ಲಿ ಓದ್ತಾ ಇದ್ದೀರಿ. ಈ ಹವ್ಯಾಸದಲ್ಲಿ ನನ್ನನ್ನ ಹಿಡಿದಿಟ್ಟಿರೋದು ಅದೇ.

ಈಗ ನಿಮ್ಮ ಕಲ್ಲಿನ ವಿಷಯ. ಬಲ ಹಾಕಿ ತಿರುಗಿಸಿದರೆ ಐದೂ ತೂತುಗಳ ಪಿನ್ನು ಒಟ್ಟಿಗೆ ಬಿಗಿದುಕೊಳ್ತವೆ, ಮೊದಲನೇದು ಯಾವುದು ಅಂತ ಗೊತ್ತೇ ಆಗಲ್ಲ. ಪೂರ್ತಿ ಬಿಟ್ಟರೆ ಯಾವುದೂ ಸಿಕ್ಕಿಬೀಳಲ್ಲ. ಮಧ್ಯದಲ್ಲಿ ಒಂದು ಹದ ಇದೆ. ಕಳಿತ ಬಾಳೆಹಣ್ಣಿನ ಸಿಪ್ಪೆ ಮೇಲೆ ಬೆರಳಿಟ್ಟು ಗುರುತು ಬೀಳದಷ್ಟು ಒತ್ತಿ ನೋಡಿ, ಅಷ್ಟೇ ಸಾಕು. ಛತ್ರಿ ಕಡ್ಡಿಯಲ್ಲಿ ಆ ಹದ ಬರಲ್ಲ. ಕಾರಿನ ಹಳೇ ವೈಪರ್ ರಬ್ಬರಿನ ಅಂಚಿನಲ್ಲಿ ಎರಡು ಸ್ಟೇನ್‌ಲೆಸ್ ಪಟ್ಟಿ ಇರುತ್ತವೆ. ಯಾವ ಗ್ಯಾರೇಜಿನಲ್ಲಾದರೂ ಕೇಳಿ, ಬಿಸಾಡೋ ವೈಪರ್ ಕೊಡ್ತಾರೆ. ಇಕ್ಕಳದಲ್ಲಿ ಹಿಡಿದು ನಿಧಾನವಾಗಿ, ಮೂಲೆ ಸ್ವಲ್ಪ ದುಂಡಗಿರುವ ಹಾಗೆ ಬಗ್ಗಿಸಿ. ಬೆಂಗಳೂರಿನ ದೊಡ್ಡ ರಸ್ತೆಗಳಲ್ಲಿ ರಾತ್ರಿ ಗುಡಿಸೋ ಯಂತ್ರ ಹೋಗುತ್ತಲ್ಲ, ಅದರ ಬ್ರಷ್ಷಿನ ಉಕ್ಕಿನ ಕಡ್ಡಿಗಳು ರಸ್ತೆ ಅಂಚಲ್ಲಿ ಉದುರಿರುತ್ತವೆ. ಅದೂ ಒಳ್ಳೇ ಸ್ಪ್ರಿಂಗ್ ಉಕ್ಕು. ನಾನು ಬೆಳಗಿನ ವಾಕಿಂಗಿನಲ್ಲಿ ಹೆಕ್ಕಿದ್ದು ಒಂದು ಡಬ್ಬಿ ಇದೆ.

ಆ ಒಂದು ರಾತ್ರಿ ತೆರೆದುಕೊಂಡಿದ್ದು ಕೊಕ್ಕೆ ಎಳೆದಾಡುವಾಗ ಪಿನ್ನುಗಳು ಹಾರಿ ಹಾರಿ ತಾವೇ ಕೂತದ್ದರಿಂದ. ಅದೂ ಒಂದು ವಿಧಾನವೇ, ತಪ್ಪಿಲ್ಲ. ಆದರೆ ಅದು ನಿಮಗೆ ಏನೂ ಕಲಿಸಿಲ್ಲ.

ಈಗ ಮಾಡಬೇಕಾದ್ದು. ಗುಜರಿ ಬೀಗ ಸದ್ಯ ಪಕ್ಕಕ್ಕಿಡಿ. ಒಳಗೆ ತುಕ್ಕೋ ಮಣ್ಣೋ ಗೊತ್ತಿಲ್ಲ, ಬಿಚ್ಚೋಕೂ ಆಗಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಬಾಗಿಲಿಗೆ ಹಾಕೋ ಸಿಲಿಂಡರ್ ಒಂದು ತನ್ನಿ, ಕೀ ಸಮೇತ, ಅಗ್ಗದ್ದೇ ಸಾಕು. ಹಿಂದಿನ ಕ್ಲಿಪ್ಪು ತೆಗೆದು, ಕೀ ಹಾಕಿ ಸ್ವಲ್ಪ ತಿರುಗಿಸಿ, ಪ್ಲಗ್ಗನ್ನ ಹೊರಗೆ ಎಳೆಯುವಾಗ ಹಿಂದಿನಿಂದ ಅಷ್ಟೇ ದಪ್ಪದ ಕಡ್ಡಿಯನ್ನ ತಳ್ಳುತ್ತಾ ಬರಬೇಕು. ಇಲ್ಲದಿದ್ದರೆ ಮೇಲಿನ ಪಿನ್ನು, ಸ್ಪ್ರಿಂಗು ಎಲ್ಲ ಹಾರಿಹೋಗುತ್ತವೆ. ನಾನು ಹಳೇ ಮಾರ್ಕರ್ ಪೆನ್ನಿನ ಕವಚವನ್ನ ಉಜ್ಜಿ ಅಳತೆಗೆ ತಂದುಕೊಂಡಿದ್ದೀನಿ. ತೆಗೆದ ಪಿನ್ನುಗಳನ್ನ ಪಡ್ಡಿನ ಕಾವಲಿಯಲ್ಲಿ ಇಡಿ, ಮೊದಲ ತೂತಿನದ್ದು ಮೊದಲ ಗುಳಿಗೆ, ಎರಡನೇದು ಎರಡನೇ ಗುಳಿಗೆ. ನಮ್ಮ ಮನೆಯಲ್ಲಿ ಒಂದು ಹಳೇ ಕಾವಲಿ ಈಗ ಬೀಗಕ್ಕೇ ಮೀಸಲು.

ಆಮೇಲೆ ಒಂದೇ ಒಂದು ತೂತಿಗೆ ಪಿನ್ನು ಹಾಕಿ ಜೋಡಿಸಿ. ಒಂದೇ ಪಿನ್ನಿನ ಬೀಗ. ಅದನ್ನ ನೂರು ಸಲ ತೆರೀರಿ. ಅದು ಕೂತಾಗ ಬರೋ ಸಣ್ಣ ಟಿಕ್, ಪ್ಲಗ್ಗು ಜಾರುವ ಆ ಎಳೆ, ಎರಡೂ ಎರಡು ಕೈಗೂ ಪರಿಚಯ ಆಗಲಿ. ಆಮೇಲೆ ಎರಡು ಪಿನ್ನು. ಆಮೇಲೆ ಮೂರು. ಮೂರು ವಾರದಲ್ಲಿ ಬಂದು ಬರೀರಿ.

ಹುಬ್ಬಳ್ಳಿ ಕೀಲಿ ಬರೆದದ್ದು:

ತಾತಾರು ಪಿನ್ನಿಂದು ಚಂದ ಹೇಳ್ಯಾರ. ನಾ ಒಂದ್ ಮಾತು ಕೂಡಸ್ತೀನಿ. ನಮ್ಮ ಕಡೆ ನೀವು ಬೀಗ ಅಂತೀರಲ್ಲ, ಅದಕ್ಕ ಕೀಲಿ ಅಂತೀವಿ, ಅದನ್ನ ತಗಿಯೂದಕ್ಕ ಕೀಲಿಕೈ. ನಮ್ಮಪ್ಪ ದುರ್ಗದಬೈಲಿನಾಗ ಛತ್ರಿ ಕೆಳಗ ಕುಂತು ಭಾಳ ವರ್ಷ ಕೀಲಿ ರಿಪೇರಿ ಮಾಡಿದಾಂವ.

ಅಕ್ಕಾರ, ಆ ಒಂಬತ್ತೂ ಒಂದ ಥರದ್ದು ಅಂತ ತಿಳಕೊಂಡೀರೇನು? ಮೊದಲ ಕೀಲಿಕೈ ಹಾಕೂ ತೂತಿನಾಗ ಟಾರ್ಚ್ ಬಿಟ್ಟು ನೋಡ್ರಿ. ಅಂಕುಡೊಂಕು ಸಂದಿ ಇದ್ರ ಅದು ಪಿನ್ನಿಂದು. ಅಗಲಾದ ತೂತು ಇದ್ದು, ಒಳಗ ತಗಡಿನ ಎಲಿ ಒಂದರ ಮಗ್ಗಲ ಒಂದ್ ಪೇರಿಸಿದಂಗ ಕಂಡ್ರ ಅದು ಲಿವರ್ ಕೀಲಿ. ನಮ್ಮ ದೇಶದಾಗ ಹಳೀ ಮನಿ ಬಾಗಲಿಗೆ, ಅಂಗಡಿ ಶಟರಿಗೆ ಹಾಕೂದು ಹೆಚ್ಚಾಗಿ ಇದ. ಅಲಿಗಢದಿಂದ ಬರೂವು, ತಮಿಳುನಾಡಿನ ದಿಂಡಿಗಲ್ಲಿನವು. ದಿಂಡಿಗಲ್ಲಿನ ಕೀಲಿಗೆ 2019ರಾಗ ಭೌಗೋಳಿಕ ಗುರುತು ಸಿಕ್ಕೈತಿ, ಅಲ್ಲಿ ಮಾವಿನಕಾಯಿ ಆಕಾರದ ಕೀಲಿ ಮಾಡ್ತಾರ, ಕೈಯಾಗ ಹಿಡದ್ರ ಬಿಡಬೇಕು ಅನ್ಸೂದುಲ್ಲ.

ಲಿವರ್ ಕೀಲಿಗೆ ನಿಮ್ಮ ಕೊಕ್ಕಿ ನಡಿಯೂದುಲ್ಲ. ಅದರಾಗ ಎಲಿ ಎಲ್ಲಾ ಸರಿಯಾದ ಎತ್ತರಕ್ಕ ಎದ್ದಾಗ ಅವುಗಳ ಸಂದು ಒಂದ ಸಾಲಿಗೆ ಬಂದು, ಬೋಲ್ಟಿನ ಗೂಟ ಅದರಾಗ ಹಾಯ್ತದ. ಕಮ್ಮಿ ಎತ್ತಿದ್ರೂ ಹಾಯೂದುಲ್ಲ, ಹೆಚ್ಚು ಎತ್ತಿದ್ರೂ ಹಾಯೂದುಲ್ಲ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಅನ್ನಾಂವ 1778ರಾಗ ಈ ಉಪಾಯ ತಂದ. ಇದಕ್ಕ ಎರಡು ತಂತಿ ಬೇಕು. ಒಂದು ದಪ್ಪಂದು, ಬೋಲ್ಟಿಗೆ ಒತ್ತಿ ಹಿಡಿಯಾಕ. ಇನ್ನೊಂದು ಸಣ್ಣದು, ಎಲಿ ಎತ್ತಾಕ. ನಮ್ಮಪ್ಪ ಸೈಕಲ್ ಚಕ್ರದ ಕಡ್ಡಿ ಬಡದು ಚಪ್ಪಟಿ ಮಾಡಿ ದಪ್ಪಂದು ಮಾಡತಿದ್ದ. ಒತ್ತೂದು ಎಷ್ಟು ಅನ್ನೂದು ತಾತಾರು ಹೇಳಿದ ಬಾಳೇಹಣ್ಣಿಗಿಂತ ಒಂಚೂರು ಹೆಚ್ಚು, ಯಾಕಂದ್ರ ಬೋಲ್ಟಿನ ಸ್ಪ್ರಿಂಗ್ ಬಿರುಸು ಇರ್ತೈತಿ.

ಇನ್ನೊಂದು. ಹಳೀ ಕೀಲಿ ಅಂದಕೂಡ್ಲೆ ಎಲ್ಲಾರೂ ಕೊಬ್ಬರಿ ಎಣ್ಣಿ ಬಿಡ್ತಾರ. ಬ್ಯಾಡ್ರಿ. ನಾಕ್ ದಿನ ಸಲೀಸು, ಆಮ್ಯಾಲೆ ಧೂಳು ಕೂಡಿ ಅಂಟ್ ಆಗಿ ಪಿನ್ ಕಚ್ಚಿ ಕುಂದರ್ತಾವ. ಸೀಮಿ ಎಣ್ಣಿ ಇಲ್ಲಾ ಪೆಟ್ರೋಲಿನಾಗ ತೊಳದು, ಹೊರಗ ಗಾಳಿಗೆ ಪೂರಾ ಒಣಗಿಸಿ, ಮೆತ್ತನ್ ಪೆನ್ಸಿಲಿನ ಸೀಸ ಕೆರದು ಆ ಪುಡಿ ಊದ್ರಿ. ನಮ್ಮಪ್ಪನ ಪೆಟ್ಟಿಗಿಯೊಳಗ ಕಾನಸಿನ ಮಗ್ಗಲ ಯಾವಾಗ್ಲೂ ಒಂದು 6ಬಿ ಪೆನ್ಸಿಲ್ ಇರತಿತ್ತು. ನಾ ಸಣ್ಣಾವಿದ್ದಾಗ ಚಿತ್ರಾ ತಗಿಯಾಕ ಅದನ್ನ ಒಯ್ದು ಬೈಸಿಕೊಂಡೀನಿ.

ಕಟಕಟೆ ಬರೆದದ್ದು:

ನಾನು ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತೇನೆ, ಮನೆಯಲ್ಲಿ ಹದಿನಾಲ್ಕು ಬೀಗಗಳಿವೆ. ಪ್ರಶ್ನೆ ಕೇಳಿದವರು ಪೀಜಿಯಲ್ಲಿದ್ದಾರೆ ಎಂದು ಓದಿ ಇದನ್ನು ಬರೆಯಬೇಕೆನಿಸಿತು.

ಈ ಹವ್ಯಾಸದವರು ಲೋಕದಲ್ಲೆಲ್ಲ ಎರಡು ನಿಯಮ ಪಾಲಿಸುತ್ತಾರೆ. ನಿಮ್ಮದಲ್ಲದ ಬೀಗವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಬಳಕೆಯಲ್ಲಿರುವ ಬೀಗವನ್ನು, ಅದು ನಿಮ್ಮದೇ ಆದರೂ, ಮುಟ್ಟಬೇಡಿ. ಎರಡನೆಯದನ್ನು ಜನ ಮರೆಯುತ್ತಾರೆ. ನನ್ನದೇ ಕೋಣೆಯ ಬಾಗಿಲಲ್ಲಿ ಅಭ್ಯಾಸ ಮಾಡಿ, ಒಂದು ಪಿನ್ನನ್ನು ಮೇಲೆ ಸಿಕ್ಕಿಸಿಬಿಟ್ಟು, ರಾತ್ರಿ ಎಂಟರಿಂದ ಹನ್ನೊಂದರವರೆಗೆ ಹೆಂಡತಿ ಮಗುವಿನೊಂದಿಗೆ ಹೊರಗೆ ನಿಂತಿದ್ದೇನೆ. ಮಗುವಿಗೆ ಅಂದು ಜ್ವರವಿತ್ತು. ಆ ಮೂರು ಗಂಟೆ ನನಗೆ ಈಗಲೂ ನೋವು ಕೊಡುತ್ತದೆ.

ಇನ್ನು ಕಾನೂನು. ಬೀಗ ಬಿಚ್ಚಲು ಕಲಿಯುವುದು ಅಪರಾಧವಲ್ಲ. ಆದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಒಂದು ಅಂಶವಿದೆ: ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಒಡೆಯುವ ಸಲಕರಣೆಯೊಂದಿಗೆ ಸಿಕ್ಕಿಬಿದ್ದು, ಅದಕ್ಕೆ ಸರಿಯಾದ ಕಾರಣ ಕೊಡಲಾಗದಿದ್ದರೆ ಶಿಕ್ಷೆಯುಂಟು. ನಿಮ್ಮ ಕೊಕ್ಕೆಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಬೇಡಿ. ವೆಲ್ಡಿಂಗ್ ಶಾಪಿನಿಂದ ಮನೆಗೆ ತರುವುದಿದ್ದರೆ ಹಗಲಿನಲ್ಲಿ, ಅಭ್ಯಾಸದ ಬೀಗದ ಜೊತೆಗೇ ತನ್ನಿ. ಪೀಜಿಯ ಮಾಲೀಕರಿಗೂ ಕೋಣೆಯ ಗೆಳತಿಯರಿಗೂ ಮೊದಲೇ ತೋರಿಸಿ ಹೇಳಿಬಿಡಿ. ಅಲ್ಲಿ ಯಾರದಾದರೂ ಕಪಾಟಿನಿಂದ ಒಂದು ಉಂಗುರ ಕಾಣೆಯಾದ ದಿನ ನಿಮ್ಮ ಹವ್ಯಾಸ ಮೊದಲ ಬಾರಿಗೆ ಅವರಿಗೆ ಗೊತ್ತಾಗುವುದು ಬೇಡ.

ಮೂರು ವಾರ ಆಯಿತು ಎಂದು ಬೇಸರ ಪಟ್ಟಿದ್ದೀರಿ. ಲಂಡನ್ನಿನ ಪಿಕಡಿಲಿಯಲ್ಲಿ ಜೋಸೆಫ್ ಬ್ರಾಮಾ ತನ್ನ ಅಂಗಡಿಯ ಕಿಟಕಿಯಲ್ಲಿ 1790ರಿಂದ ಒಂದು ಬೀಗ ಇಟ್ಟಿದ್ದ, ಇದನ್ನು ತೆರೆಯುವ ಸಲಕರಣೆ ಮಾಡಿದವರಿಗೆ 200 ಗಿನಿ ಎಂಬ ಫಲಕದೊಂದಿಗೆ. ಒಳಗೆ 18 ಜಾರುಪಟ್ಟಿಗಳು. ಅರವತ್ತು ವರ್ಷ ದಾಟಿದರೂ ಯಾರಿಗೂ ಆಗಲಿಲ್ಲ. 1851ರ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಅದನ್ನು ತೆರೆದ. 16 ದಿನಗಳಲ್ಲಿ ಹರಡಿದ 51 ಗಂಟೆಗಳ ಕೆಲಸ. ಆ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಆ ಬೀಗಕ್ಕೆ ಬೇಕಾದ ಸಲಕರಣೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಇದನ್ನು ನೆನಪಿಸಿದ್ದು ನಿಮ್ಮ ಹಟ ನನಗೆ ಇಷ್ಟವಾಯಿತು ಎಂದು.

ಹಿತ್ತಾಳೆಬೀಗ ಬರೆದದ್ದು:

ಮೂವರಿಗೂ ತುಂಬಾ ಧನ್ಯವಾದ. ಇಪ್ಪತ್ತೈದು ದಿನ ಆಯ್ತು, ಹೇಳಿದ್ದನ್ನೆಲ್ಲ ಮಾಡಿಕೊಂಡು ಬಂದಿದ್ದೀನಿ.

ತಾತ, ಮುರಿದ ತುಂಡು ಹುಡುಕಿದೆ. ನೀವು ಹೇಳಿದ್ದೇ ನಿಜ. ನೀಲಿ ತುದಿ ಹಾಗೇ ಇದೆ, ಅದರ ಹಿಂದೆ ಬೆಳ್ಳಗಿರೋ ಕಡೆ ಮುರಿದಿದೆ. ನೋಡದೇನೇ ಹೇಗೆ ಹೇಳಿದಿರಿ ಅಂತ ಸುಮಾರು ಹೊತ್ತು ಅದನ್ನೇ ಹಿಡ್ಕೊಂಡು ಕೂತಿದ್ದೆ. ಫೀಲರ್ ಗೇಜ್ ತಂದು 0.40ರ ಎಲೆಯಲ್ಲಿ ಕೊಕ್ಕೆ ಮಾಡಿದೆ. ಈ ಸಲ ಗ್ರೈಂಡರ್ ಬೇಡ ಅಂತ ಎಣ್ಣೆಕಲ್ಲಿನ ಮೇಲೆ ಕೈಯಲ್ಲೇ ಉಜ್ಜಿದೆ, ನಾಲ್ಕು ಸಂಜೆ ಹಿಡೀತು. ವೈಪರ್ ಪಟ್ಟಿ ಆಫೀಸಿನ ಕ್ಯಾಬ್ ಡ್ರೈವರ್ ಅಣ್ಣ ಕೊಟ್ಟರು.

ಹುಬ್ಬಳ್ಳಿಯವರು ಹೇಳಿದ ಹಾಗೆ ಟಾರ್ಚ್ ಹಾಕಿ ನೋಡಿದೆ. ಒಂಬತ್ತರಲ್ಲಿ ಐದು ಲಿವರ್! ನಾಲ್ಕು ತಿಂಗಳು ಅವಕ್ಕೆ ತಪ್ಪು ಸಲಕರಣೆ ಹಾಕ್ತಿದ್ದೆ. ಪೀಜಿ ಆಂಟಿಗೂ ತೋರಿಸಿದೆ. ಅವರು ಬೀಗವನ್ನ ಕೈಯಲ್ಲಿ ತಿರುಗಿಸಿ ನೋಡಿ, ಅವರಮ್ಮನ ಮನೆಯ ಒಂದು ಪೆಟ್ಟಿಗೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅದರ ಕೀ ಎಲ್ಲಿ ಅಂತ ಯಾರಿಗೂ ಗೊತ್ತಿಲ್ವಂತೆ.

ಸಿಲಿಂಡರ್ ತಂದು ಬಿಚ್ಚಿದೆ. ಮೊದಲ ಸಲ ಒಂದು ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋಯ್ತು, ಮಾರನೇ ದಿನ ಗುಡಿಸುವಾಗ ಸಿಕ್ತು. ಒಂದು ಪಿನ್ನು, ನೂರು ಸಲ ಅಂದಿದ್ದಿರಿ, ನಾನು ಲೆಕ್ಕ ಇಟ್ಟು ಮಾಡಿದೆ. ಅರವತ್ತರ ಹತ್ತಿರ ಏನೋ ಆಯ್ತು. ಅಲ್ಲಿವರೆಗೂ ಕಿವಿಯಲ್ಲಿ ಟಿಕ್ ಹುಡುಕ್ತಿದ್ದೆ. ಫ್ಯಾನ್ ಸದ್ದಿಗೆ ಕೇಳ್ತಿರಲಿಲ್ಲ. ಆಮೇಲೆ ಅದು ಎಡಗೈ ತೋರುಬೆರಳಿನ ತುದಿಯಲ್ಲಿ ಬಂತು, ಪಟ್ಟಿ ಹಿಡಿದ ಬೆರಳಲ್ಲಿ. ಈಗ ದೀಪ ಆರಿಸಿ ಮಾಡ್ತೀನಿ. ಎರಡು ಪಿನ್ನು ಆಯ್ತು. ಎರಡನೇ ತೂತೇ ಮೊದಲು ಸಿಕ್ಕಿಬೀಳೋದು, ಪ್ರತಿ ಸಲ ಅದೇ. ಯಾರೋ ಕೊರೆದ ಕೈ ಅಲ್ಲಿ ಜಾರಿದೆ ಅಂತ ಅನ್ನಿಸಿದಾಗ ಮೈ ಜುಮ್ ಅಂತು.

ಮೂರನೇ ಪಿನ್ನು ಹಾಕಿದ ಮೇಲೆ ವಿಚಿತ್ರ ಆಗ್ತಿದೆ. ಎರಡು ಕೂರುತ್ತವೆ. ಆಮೇಲೆ ಪ್ಲಗ್ಗು ಎಂದಿಗಿಂತ ಜಾಸ್ತಿ ತಿರುಗುತ್ತೆ, ಕಣ್ಣಿಗೇ ಕಾಣುವಷ್ಟು. ತೆರೆದೇ ಹೋಯ್ತು ಅಂದುಕೊಳ್ತೀನಿ, ಅಲ್ಲೇ ನಿಂತುಬಿಡುತ್ತೆ. ಮೂರನೇದನ್ನ ಎತ್ತೋಕೆ ಹೋದರೆ ಪ್ಲಗ್ಗು ನನ್ನ ಬೆರಳನ್ನೇ ವಾಪಸ್ ತಳ್ಳುತ್ತೆ. ಹೆದರಿ ಬಿಗಿಯಾಗಿ ಹಿಡೀತೀನಿ, ಆಗ ಏನೂ ಅಲುಗಲ್ಲ. ನಾನೇನು ಮುರಿದುಬಿಟ್ಟೆನಾ?

ಟೂಲ್‌ರೂಮ್ ತಾತ ಬರೆದದ್ದು:

ಏನೂ ಮುರಿದಿಲ್ಲ ತಾಯಿ. ನಿಮ್ಮ ಪತ್ರ ಓದಿ ತುಂಬ ಸಂತೋಷ ಆಯ್ತು. ಆ ವಾಪಸ್ ತಳ್ಳೋದು ಬೆರಳಿಗೆ ಗೊತ್ತಾಗೋಕೆ ನನಗೆ ಎಂಟು ತಿಂಗಳು ಬೇಕಾಗಿತ್ತು.

ಆ ಮೂರನೇ ತೂತಿನ ಮೇಲಿನ ಪಿನ್ನು ಸಾದಾ ಉರುಳೆ ಅಲ್ಲ. ಬಿಚ್ಚಿ, ಪಡ್ಡಿನ ಗುಳಿಯಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿ, ನಡು ಸಣ್ಣಗೆ, ಎರಡು ತುದಿ ದಪ್ಪಗೆ ಇರುತ್ತೆ, ಡಮರುಗದ ಹಾಗೆ. ಸ್ಪೂಲ್ ಪಿನ್ ಅಂತಾರೆ. ನಿಮ್ಮಂಥವರ ಕೈಯನ್ನ ತಪ್ಪುದಾರಿಗೆ ಎಳೆಯೋಕೇ ಅದನ್ನ ಹಾಕಿರೋದು. ಅದರ ಸಣ್ಣ ನಡು ಶಿಯರ್ ಲೈನಿಗೆ ಬಂದಾಗ ಪ್ಲಗ್ಗಿಗೆ ಜಾಗ ಸಿಗುತ್ತೆ, ಅದಕ್ಕೇ ಅಷ್ಟು ತಿರುಗುತ್ತೆ. ಆದರೆ ಕೆಳಗಿನ ದಪ್ಪ ತುದಿ ಇನ್ನೂ ಒಳಗೇ ಇರುತ್ತೆ, ಅಂಚಿಗೆ ಸಿಕ್ಕಿಕೊಂಡು ನಿಲ್ಲಿಸುತ್ತೆ.

ಆ ದಪ್ಪ ತುದಿ ಅಂಚು ದಾಟಿ ಮೇಲೆ ಹೋಗಬೇಕಾದರೆ ಪ್ಲಗ್ಗು ಒಂದು ಚೂರು ಹಿಂದೆ ತಿರುಗಲೇಬೇಕು. ಅದು ತಳ್ಳಿದಾಗ ಬಿಗಿ ಹಿಡಿದರೆ ನೀವೇ ಅದರ ದಾರಿ ಕಟ್ಟಿದ ಹಾಗೆ. ಬಾಳೆಹಣ್ಣಿಗಿಂತ ಇನ್ನೂ ಹಗುರ ಮಾಡಿ. ಪಟ್ಟಿಯಿಂದ ಬೆರಳು ತೆಗೀಬೇಡಿ, ಒತ್ತೋದನ್ನ ಮಾತ್ರ ಬಿಡ್ತಾ ಬನ್ನಿ, ಬರೀ ಬೆರಳಿನ ಭಾರ ಅಷ್ಟೇ ಉಳೀಲಿ. ಬಲಗೈ ನಿಧಾನವಾಗಿ ಎತ್ತುತ್ತಿರಲಿ. ಪ್ಲಗ್ಗು ಹಿಂದೆ ಬರಲಿ, ಬಿಡಿ. ಒಂದೊಂದು ಸಲ ಮೊದಲು ಕೂತಿದ್ದ ಇನ್ನೊಂದು ಪಿನ್ನು ಬಿದ್ದುಹೋಗುತ್ತೆ. ಬಿದ್ದರೆ ಅದನ್ನ ಮತ್ತೆ ಕೂರಿಸಿ.

ಇನ್ನು ಪೀಜಿ ಆಂಟಿಯ ಅಮ್ಮನ ಮನೆ ಪೆಟ್ಟಿಗೆ. ಅವರು ಕರೆದರೆ ಮಾತ್ರ ಹೋಗಿ, ಹಗಲು ಹೋಗಿ, ಅವರ ಎದುರಿಗೇ ಮಾಡಿ. ಹಳೇ ಪೆಟ್ಟಿಗೆ ಬೀಗ ಆದರೆ ಲಿವರ್ ಇರೋ ಸಾಧ್ಯತೆ ಜಾಸ್ತಿ, ಹುಬ್ಬಳ್ಳಿಯವರನ್ನ ಕೇಳಿಕೊಂಡು ಹೋಗಿ.

ಹುಬ್ಬಳ್ಳಿ ಕೀಲಿ ಬರೆದದ್ದು:

ಪೆಟ್ಟಿಗಿ ಕೀಲಿದು ಫೋಟೋ ಹಾಕ್ರಿ ಅಕ್ಕಾರ, ತೂತಿನ ಅಗಲ ಸ್ಕೇಲ್ ಹಿಡದು ಅಳದು. ಸೈಕಲ್ ಕಡ್ಡಿ ಹೆಂಗ ಬಡೀಬೇಕು ಅನ್ನೂದು ಅಪ್ಪನ್ನ ಕೇಳಿ ಬರೀತೀನಿ. ಈ ಮಾತುಕತಿ ಓದಿ ಹೇಳೀನಿ ಅವಗ, ಪೆಟ್ಟಿಗಿ ಅಂದಕೂಡ್ಲೆ ಎದ್ದು ಕುಂತಾನ.

ಹಿತ್ತಾಳೆಬೀಗ ಬರೆದದ್ದು:

ಈಗಷ್ಟೇ ಬಿಚ್ಚಿದೆ. ಮೂರನೇ ಗುಳಿಯಲ್ಲಿರೋದು ಡಮರುಗವೇ. ಬೆಳಕಿಗೆ ಹಿಡಿದರೆ ನಡುವಿನಲ್ಲಿ ಸಣ್ಣ ಮೆಟ್ಟಿಲು ಹೊಳೀತಿದೆ. ವಾಪಸ್ ಜೋಡಿಸ್ತಾ ಇದ್ದೀನಿ.